ಶನಿವಾರ ಹತ್ತು ಗಂಟೆಗೆ ಗುಜರಿಯವನು

ನಾನು ಕಾರಿನ ಎಂಜಿನ್ನಿಗೆ ಕೈ ಹಾಕಿದ ಸಂಜೆಯೇ ನನ್ನ ತಮ್ಮ ಗುಜರಿಯವನಿಗೆ ಫೋನು ಮಾಡಿದ. ಕದ್ದು ಮಾಡಲಿಲ್ಲ. ನನ್ನೆದುರಿಗೇ, ಅಂಗಳದಲ್ಲಿ ನಿಂತು ಮಾಡಿದ. "ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ. ಎಳೆದುಕೊಂಡು ಹೋಗುವ ಗಾಡಿ ತನ್ನಿ" ಎಂದ. ಫೋನು ಕಿಸೆಗೆ ಹಾಕಿ ನನ್ನ ಕಡೆ ತಿರುಗಿದ. "ಅಕ್ಕ, ಅಷ್ಟರೊಳಗೆ ಸ್ಟಾರ್ಟ್ ಆದ್ರೆ ಕಾರು ಇಲ್ಲೇ ಇರ್ಲಿ. ಆಗದಿದ್ರೆ ಮತ್ತೆ ಮಾತಿಲ್ಲ. ಆಯ್ತಾ?" ಆಯ್ತು ಎಂದೆ. ಅವನ ಮುಖ ನೋಡದೆ ಹೇಳಿದೆ, ಏಕೆಂದರೆ ನನ್ನ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು, ತಲೆಯಲ್ಲಿ ಒಳ್ಳೆಯ ಯೋಚನೆಗಳೇನೂ ಇರಲಿಲ್ಲ.

ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ನಮ್ಮ ಜಗಳದ ರುಚಿ ಅರ್ಧ ಹೋಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಕಾರು ಅಪ್ಪನದು, ನನಗಿಂತ ಇಪ್ಪತ್ತು ವರ್ಷ ಚಿಕ್ಕದು. ಅಪ್ಪ ಅದರಲ್ಲಿ ಡ್ರೈವಿಂಗ್ ಕಲಿಸಿದ್ದು ತಮ್ಮನಿಗೆ. ಅವನಿಗೆ ಧೈರ್ಯಕ್ಕೆ ಇರಲಿ ಎಂದು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು. ಎರಡು ಸೀಟುಗಳ ನಡುವೆ ತಲೆ ತೂರಿಸಿ, ಯಾವಾಗ ಯಾವ ಕಾಲು ಏಳುತ್ತದೆ, ಯಾವ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಿ ನೋಡಿಯೇ ನಾನು ಕಲಿತೆ. ತಮ್ಮ ಮಸ್ಕತ್‌ಗೆ ಹೋದ. ಕಾರು ಕುಲಶೇಖರದಲ್ಲಿ ಉಳಿಯಿತು, ನಾನೂ ಉಳಿದೆ. ಮದುವೆ ಆಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ಈ ಹದಿನೆಂಟು ವರ್ಷಗಳಲ್ಲಿ ಆ ಕಾರಿನ ಸ್ಟೇರಿಂಗ್ ಹಿಡಿದವಳು ನಾನೊಬ್ಬಳೇ. ಆದರೆ ಅಪ್ಪ ಹೋದ ಮೇಲೆ ಕಾಗದಪತ್ರ ತಮ್ಮನ ಹೆಸರಿಗೆ ಆಯಿತು. ನಮ್ಮದು ಅಳಿಯಕಟ್ಟಿನ ಕುಟುಂಬ, ತಾಯಿಯ ಕಡೆಯಿಂದಲೇ ಎಲ್ಲ ಎಂದು ಹೇಳಿಕೊಳ್ಳಲು ಚೆಂದ. ಮನೆ ಹೆಣ್ಣಿನದು, ಮಾತು ಗಂಡಿನದು. ಆಗ ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟು ಉಂಟು.

ಕಾರಿನ ತೊಂದರೆ ಬಹಳ ಹಳೆಯದು. ಇಂಥ ಕಾರುಗಳಲ್ಲಿ ಪೆಟ್ರೋಲಿಗೆ ಹೊತ್ತು ಹೊತ್ತಿಗೆ ಸರಿಯಾಗಿ ಕಿಡಿ ಹಂಚುವ ಒಂದು ಡಬ್ಬಿ ಇರುತ್ತದೆ, ಡಿಸ್ಟ್ರಿಬ್ಯೂಟರ್ ಎನ್ನುತ್ತಾರೆ. ಅದರೊಳಗೆ ಪಾಯಿಂಟ್ ಎಂಬ ಎರಡು ಪುಟ್ಟ ಲೋಹದ ತುಂಡುಗಳು ಒಂದನ್ನೊಂದು ಮುಟ್ಟಿ ಬಿಟ್ಟು ಮಾಡುತ್ತಿರುತ್ತವೆ. ನಮ್ಮ ಊರಿನ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಅವು ಕರಿ ಹಿಡಿದು ಕೂರುತ್ತವೆ. ಕಾರು ನಂತೂರಿನ ಸರ್ಕಲ್ಲಿನಲ್ಲೋ ಪಡೀಲಿನ ರೈಲು ಸೇತುವೆಯ ಕೆಳಗೋ ನಿಲ್ಲುತ್ತದೆ. ಹಿಂದಿನಿಂದ ಬಸ್ಸಿನವನು ಹಾರ್ನ್ ಒತ್ತಿದ ಕೈ ತೆಗೆಯುವುದಿಲ್ಲ. ನಾನು ಇಳಿದು, ಬಾನೆಟ್ ಎತ್ತಿ, ಪರ್ಸಿನಲ್ಲಿಟ್ಟ ಮರಳುಕಾಗದದಿಂದ ಪಾಯಿಂಟ್ ಉಜ್ಜಿ, ಬಸ್ಸಿನವನನ್ನು ಒಮ್ಮೆ ಚೆನ್ನಾಗಿ ನೋಡಿ ಹೊರಡುತ್ತೇನೆ. ವರ್ಷಾನುಗಟ್ಟಲೆ ಹೀಗೆ ನಡೆದ ಮೇಲೆ, ಪಾಯಿಂಟೇ ಇಲ್ಲದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಸಿಗುತ್ತದೆ ಎಂದು ಗೊತ್ತಾಯಿತು. ತರಿಸಿದೆ. ಹಾಕಿಕೊಡಿ ಎಂದು ಪಡೀಲಿನ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಡಬ್ಬಿಯನ್ನು ತಿರುಗಿಸಿಯೂ ನೋಡಲಿಲ್ಲ.

"ಅಕ್ಕ, ಇದನ್ನು ಗುಜರಿಗೆ ಕೊಟ್ಟುಬಿಡಿ. ಇದೆಲ್ಲ ನಿಮಗೆ ಎಂತಕ್ಕೆ?"

ಗುಜರಿ ಎಂದದ್ದಕ್ಕೆ ನನಗೆ ಬೇಸರ ಆಗಲಿಲ್ಲ. 'ನಿಮಗೆ' ಎಂದದ್ದಕ್ಕೆ ಆಯಿತು. ನಾನು ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜೋಡಿಸುತ್ತಿದ್ದವಳು. ರಸ್ತೆ ಬದಿಯ ಗುಂಡಿಗೆ ಇಳಿದು, ಕೊಡೆಯ ಕೆಳಗೆ ಕೂತು, ಕೂದಲಿನಷ್ಟು ತೆಳುವಾದ ನೂರಾರು ತಂತಿಗಳನ್ನು ಬಣ್ಣ ನೋಡಿ ಜೋಡಿಸಿದವಳು. ಒಂದು ಜೋಡಿ ತಪ್ಪಿದರೆ ಬಿಜೈಯಲ್ಲಿ ಅಜ್ಜಿಗೆ ಬಂದ ಫೋನು ಕಂಕನಾಡಿಯ ಕೋಳಿ ಅಂಗಡಿಯಲ್ಲಿ ರಿಂಗ್ ಆಗುತ್ತಿತ್ತು. ಅಂಥ ಕೆಲಸ ಮಾಡಿದವಳಿಗೆ ನಾಲ್ಕು ತಂತಿ, ಎರಡು ನಟ್ಟು ಯಾವ ಲೆಕ್ಕ? ಡಬ್ಬಿ ಹಿಡಿದುಕೊಂಡು ಮನೆಗೆ ಬಂದೆ. ನಾನೇ ಹಾಕುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಅಮ್ಮ, "ತಮ್ಮ ಬರ್ತಾನಲ್ಲ, ಅವನಿಗೊಂದು ಮಾತು ಕೇಳು" ಎಂದರು. ನಾನು ಕೇಳಲಿಲ್ಲ.

ತಮ್ಮ ನವರಾತ್ರಿಗೆ ರಜೆ ಹಾಕಿ ಬಂದಿದ್ದ. ಅಮ್ಮನಿಗೆಂದು ಹೊಸ ಕಾರು ತೆಗೆದುಕೊಡುವುದು ಅವನ ಯೋಚನೆ. ಅಂಗಳದಲ್ಲಿ ಎರಡು ಕಾರಿಗೆ ಜಾಗ ಇಲ್ಲ. ಅವನು ಕೆಟ್ಟವನಲ್ಲ. ಆದರೆ ಒಳ್ಳೆಯದನ್ನು ಮಾಡುವಾಗಲೂ ಅವನು ಕೇಳುವುದಿಲ್ಲ, ಹೇಳುತ್ತಾನೆ.

ಬುಧವಾರ ಮಧ್ಯಾಹ್ನ ಊಟ ಮಾಡಿ ಕೆಲಸಕ್ಕೆ ಇಳಿದೆ. ಹಳೆಯ ಡಿಸ್ಟ್ರಿಬ್ಯೂಟರ್ ತೆಗೆಯುವ ಮೊದಲು ಅದರ ಒಳಗೆ ಗಡಿಯಾರದ ಹಾಗೆ ತಿರುಗುವ ಮುಳ್ಳು ಯಾವ ಕಡೆ ಮುಖ ಮಾಡಿದೆ ಎಂದು ಎಂಜಿನ್ನಿನ ಮೇಲೆ ಗುರುತು ಮಾಡಿಕೊಳ್ಳಬೇಕು. ಹೊಸದನ್ನು ಕೂರಿಸುವಾಗ ಅದರ ಮುಳ್ಳು ಅದೇ ಗುರುತಿಗೆ ಮುಖ ಮಾಡಬೇಕು. ಇಡೀ ಕೆಲಸದ ಗುಟ್ಟು ಅಷ್ಟೇ. ಪೈಂಟ್ ಹುಡುಕಿದೆ, ಡಬ್ಬದಲ್ಲಿ ಒಣಗಿ ಕಲ್ಲಾಗಿತ್ತು. ಸೀಮೆಸುಣ್ಣ ಎಣ್ಣೆಯ ಮೇಲೆ ಹಿಡಿಯುವುದಿಲ್ಲ. ಜಗಲಿಯಲ್ಲಿ ಅಮ್ಮ ಮರುದಿನದ ಆಯುಧ ಪೂಜೆಗೆ ಹರಿವಾಣ ಸಿದ್ಧ ಮಾಡುತ್ತಿದ್ದರು. ಕುಂಕುಮದ ಭರಣಿ ಕೈಗೆ ಎಟಕುವಲ್ಲೇ ಇತ್ತು. ಒಂದು ಚಿಟಿಕೆ ತೆಗೆದು, ಎಂಜಿನ್ ಆಯಿಲಿನಲ್ಲಿ ಕಲಸಿ, ಒಂದು ಒಳ್ಳೆಯ ಬೊಟ್ಟು ಇಟ್ಟೆ. ಕಪ್ಪು ಲೋಹದ ಮೇಲೆ ಕೆಂಪು ಬೊಟ್ಟು ಎದ್ದು ಕಾಣುತ್ತಿತ್ತು. ನನ್ನ ಉಪಾಯಕ್ಕೆ ನಾನೇ ಹಿಗ್ಗಿದೆ.

ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಬಾರದಿತ್ತಾ ಎಂದು ಈಗ ಎಲ್ಲರೂ ಕೇಳುತ್ತಾರೆ. ತೆಗೆಯಬಹುದಿತ್ತು. ತೆಗೆಯಲಿಲ್ಲ. ನೂರಾರು ತಂತಿಗಳನ್ನು ಫೋಟೋ ಇಲ್ಲದೆ ಜೋಡಿಸಿದವಳು ಎಂಬ ಸೊಕ್ಕು.

ಹಳೆಯದನ್ನು ಬಿಚ್ಚಿ ಹೊರಗಿಡುವಾಗ ಸಂಜೆಯಾಯಿತು. ತಮ್ಮನ ಫೋನು ಆಗಲೇ ಆದದ್ದು. ಕತ್ತಲಾಗುವ ಮೊದಲು ಹೊಸದನ್ನು ಕೂರಿಸಿಬಿಡುತ್ತಿದ್ದೆ, ಅಷ್ಟರಲ್ಲಿ ಅಮ್ಮ ಬಂದು ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲವನ್ನೂ ಗುಡಿಸಿದ ಹಾಗೆ ಬಾಚಿಕೊಂಡು ಒಳಗೆ ಹೋದರು. "ನಾಳೆ ಇದಕ್ಕೆಲ್ಲ ಪೂಜೆ ಉಂಟು, ತೊಳೆದು ಇಡ್ಬೇಕು." ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿಯ ತನಕ ಮುಟ್ಟುವ ಹಾಗಿಲ್ಲ. ನಾಸ್ತಿಕರು ಬೇಕಾದರೆ ಮುಟ್ಟಿಕೊಳ್ಳಲಿ, ನಮ್ಮ ಮನೆಯಲ್ಲಿ ಮುಟ್ಟುವುದಿಲ್ಲ. ಶನಿವಾರದವರೆಗೆ ನನಗಿದ್ದದ್ದು ಎರಡೂವರೆ ದಿನ, ಅದರಲ್ಲಿ ಒಂದು ಇಡೀ ದಿನ ದೇವರ ಮುಂದೆ ಹೂ ಮುಡಿದು ಕೂತಿತು.

ಗುರುವಾರ ಅಮ್ಮ ಪೂಜೆ ಮಾಡಿದರು. ನಾನು ಎದ್ದು ಸ್ನಾನ ಮುಗಿಸುವುದರೊಳಗೆ ಕಾರನ್ನೂ ಒರೆಸಿ, ಬಾನೆಟ್ಟಿನ ಒಳಗಿಗೂ ಬಟ್ಟೆ ಆಡಿಸಿ, ಗೊಂಡೆ ಹೂವಿನ ಮಾಲೆ ಹಾಕಿಯಾಗಿತ್ತು. ಚೆನ್ನಾಗಿ ಕಾಣುತ್ತಿತ್ತು. ತಮ್ಮ ಅದರ ಮುಂದೆ ನಿಂತು ಕೈ ಮುಗಿದದ್ದನ್ನು ನೋಡಿ ನಾನು, "ಮಾರುವವನಿಗೆ ಭಕ್ತಿ ಜಾಸ್ತಿ" ಎಂದೆ. ಅವನು ನಕ್ಕ.

ಶುಕ್ರವಾರ, ವಿಜಯದಶಮಿ. ಬೆಳಿಗ್ಗೆ ಅಮ್ಮ ಆಯುಧಗಳನ್ನು ಮರಳಿ ಕೊಟ್ಟ ಕೂಡಲೇ ಬಾನೆಟ್ ಎತ್ತಿದೆ. ಡಿಸ್ಟ್ರಿಬ್ಯೂಟರ್ ಕೂರುವ ತೂತಿನ ಪಕ್ಕದಲ್ಲಿ ನನ್ನ ಕೆಂಪು ಬೊಟ್ಟು ಹಾಗೇ ಇತ್ತು. ಹೊಸದನ್ನು ಇಳಿಸಿ, ಮುಳ್ಳನ್ನು ಬೊಟ್ಟಿಗೆ ಸರಿಯಾಗಿ ಹೊಂದಿಸಿ, ಬಿಗಿದು, ತಂತಿ ಕೊಟ್ಟೆ. ಹನ್ನೊಂದು ಗಂಟೆಗೆ ಕೀ ತಿರುಗಿಸಿದೆ. ಎಂಜಿನ್ ಗರಗರ ತಿರುಗಿತು. ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ. ಮತ್ತೆ ಅದೇ ಗರಗರ.

ಕಾರು ಸ್ಟಾರ್ಟ್ ಆಗದಿದ್ದರೆ ಮಂಗಳೂರಿನಲ್ಲಿ ಎಷ್ಟು ಮಂದಿ ಮೆಕ್ಯಾನಿಕ್‌ಗಳಿದ್ದಾರೆ ಎಂದು ತಿಳಿಯುತ್ತದೆ. ಹಾಲು ತರಲು ಹೊರಟವನು ಪೆಟ್ರೋಲ್ ಬರ್ತಾ ಇಲ್ಲ ಎಂದ. ಎದುರು ಮನೆಯ ಮಾವನವರು ಬ್ಯಾಟರಿ ಎಂದರು. ಪೈಪಿನ ತುದಿ ಕಳಚಿ ತೋರಿಸಿದೆ, ಪೆಟ್ರೋಲ್ ಬರುತ್ತಿತ್ತು. ಹೆಡ್‌ಲೈಟ್ ಹಾಕಿ ತೋರಿಸಿದೆ, ಬ್ಯಾಟರಿಯೂ ಸರಿ ಇತ್ತು. ಒಂದು ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಹಿಡಿದು ತಮ್ಮನಿಗೆ ಕೀ ತಿರುಗಿಸಲು ಹೇಳಿದೆ. ನೀಲಿ ಕಿಡಿ ಚಟಚಟ ಹಾರಿತು. ಹಾಗಾದರೆ ಹೊಸ ಡಿಸ್ಟ್ರಿಬ್ಯೂಟರಿನಲ್ಲೂ ದೋಷವಿಲ್ಲ. ಎಲ್ಲವೂ ಸರಿ ಉಂಟು, ಕಾರು ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಇಂಥ ಸಿಟ್ಟು ಮನುಷ್ಯರ ಮೇಲೂ ಬರುವುದಿಲ್ಲ.

"ದೂಡಿ ಸ್ಟಾರ್ಟ್ ಮಾಡುವ" ಎಂದ ತಮ್ಮ. ನಮ್ಮ ಮನೆಯ ಮುಂದಿನ ರಸ್ತೆ ಒಳ್ಳೆಯ ಇಳಿಜಾರು. ಬೇಡ ಎಂದೆ. ಎಲ್ಲರೂ ದೂಡಿಯೇಬಿಟ್ಟರು. ಕಾರು ಇಳಿಯಿತು, ಕ್ಲಚ್ ಬಿಟ್ಟೆ, ಕಾರ್ಬ್ಯುರೇಟರಿನಿಂದ ಗರ್ನಾಲು ಪಟಾಕಿಯ ಹಾಗೆ ಢಂ ಎಂದು ಒಮ್ಮೆ, ಮತ್ತೊಮ್ಮೆ. ಆಮೇಲೆ ಇಳಿಜಾರಿನ ತಳದಲ್ಲಿ ಹೋಗಿ ಸುಮ್ಮನೆ ನಿಂತಿತು. ಇಳಿಸಲು ಬಂದವರಲ್ಲಿ ಒಬ್ಬನೂ ಹತ್ತಿಸಲು ಇಲ್ಲ. ಅಷ್ಟರಲ್ಲಿ ತಾಸೆ ಬಡಿಯುತ್ತ ಹುಲಿವೇಷದ ತಂಡ ಆ ದಾರಿಯಾಗಿ ಬಂತು. ನನ್ನ ಅವಸ್ಥೆ ನೋಡಿ ಆರು ಹುಲಿಗಳು ಕಾರಿಗೆ ಕೈ ಕೊಟ್ಟವು. ತಾಸೆಯವನು ಬಡಿಯುವುದನ್ನು ನಿಲ್ಲಿಸಲಿಲ್ಲ. ಇಡೀ ಕುಲಶೇಖರ ಗೇಟಿಗೆ ಬಂದು ನೋಡುತ್ತಿರಲು, ಹುಲಿಗಳು ನನ್ನ ಕಾರನ್ನು ದೂಡಿ ಮನೆ ಮುಟ್ಟಿಸಿದವು. ಒಂದು ಹುಲಿ ಏದುಸಿರು ಬಿಡುತ್ತ, "ಅಕ್ಕ, ಕಾಯಿಲ್ ಹೋಗಿರ್ಬೇಕು" ಎಂದಿತು. ಡಿಕ್ಕಿಯ ಮೇಲೆ ಹಳದಿ ಬಣ್ಣದ ಅಂಗೈಗಳು ಮೂಡಿದ್ದವು.

ತಮ್ಮ ಹೊಟ್ಟೆ ಹಿಡಿದು ನಗುತ್ತಿದ್ದ. "ಸಾಕು ಮಾರಾಯ್ತಿ, ಊರೆಲ್ಲ ನೋಡಿದ್ದು ಸಾಕು. ನಾಳೆ ಹತ್ತು ಗಂಟೆವರೆಗೆ ಕಾಯುವುದು ಎಂತಕ್ಕೆ? ಇವತ್ತೇ ಬರ್ಲಿಕ್ಕೆ ಹೇಳ್ತೇನೆ." ನನಗೆ ಅಳು ಬಂತು. ಬಂದದ್ದನ್ನು ಸಿಟ್ಟು ಮಾಡಿಕೊಂಡೆ. "ಹತ್ತು ಅಂದ್ರೆ ಹತ್ತು. ಒಂಬತ್ತು ಐವತ್ತೊಂಬತ್ತಕ್ಕೆ ಅವನು ಗೇಟು ಮುಟ್ಟಿದ್ರೂ ನಾನು ಬಿಡ್ಲಿಕ್ಕಿಲ್ಲ" ಎಂದೆ. ಆ ಮಧ್ಯಾಹ್ನ ಅಮ್ಮ ಪಾಯಸ ಬಡಿಸಿದರು, ನಾನು ಬಟ್ಟಲನ್ನು ಹಾಗೇ ಮುಚ್ಚಿಟ್ಟೆ. ಈ ಕಾರು ಹೋದರೆ ಹೋಗುವುದು ಕಾರು ಮಾತ್ರ ಅಲ್ಲ ಎಂದು ನನಗೆ ಗೊತ್ತಿತ್ತು. ಇನ್ನು ಮುಂದೆ ಆ ಮನೆಯಲ್ಲಿ ನಾನು ಏನು ಮಾಡುತ್ತೇನೆ ಎಂದರೂ, "ಕಾರಿನ ಕಥೆ ಗೊತ್ತುಂಟಲ್ಲ" ಎಂಬ ಒಂದು ಮಾತು ಸಾಕಾಗುತ್ತಿತ್ತು.

ಆದರೆ ಆ ಢಂ ಎಂಬ ಸದ್ದು ನನ್ನ ತಲೆಯಿಂದ ಹೋಗಲಿಲ್ಲ. ಕೈ ತೊಳೆಯುವಾಗ, ಬಟ್ಟೆ ಮಡಚುವಾಗ ಅದನ್ನೇ ಯೋಚಿಸುತ್ತಿದ್ದೆ. ಪೆಟ್ರೋಲ್ ಹತ್ತಿಕೊಳ್ಳುತ್ತಿದೆ, ಆದರೆ ಹತ್ತಿಕೊಳ್ಳಬೇಕಾದ ಹೊತ್ತಿನಲ್ಲಿ ಅಲ್ಲ. ಕಿಡಿ ಉಂಟು, ಅದರ ಸಮಯ ತಪ್ಪಿದೆ. ಹಾಗಾದರೆ ಗುರುತನ್ನು ನಂಬುವ ಹಾಗಿಲ್ಲ. ಎಂಜಿನ್ನನ್ನೇ ಕೇಳಬೇಕು.

ಶನಿವಾರ ಬೆಳಿಗ್ಗೆ ಏಳಕ್ಕೆ ಪಕ್ಕದ ಮನೆಯ ಬಾಯಿಯನ್ನು ಕರೆದೆ. ನಮ್ಮಲ್ಲಿ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಇವರು ಕುವೈಟಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಕೆಲಸ ಹೇಳಿದೆ. ನಾನು ನಾಲ್ಕೂ ಪ್ಲಗ್ ಬಿಚ್ಚಿ, ಮುಂದಿನಿಂದ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಿಂದ ನಿಧಾನಕ್ಕೆ ತಿರುಗಿಸುತ್ತೇನೆ. ನೀವು ಮೊದಲನೆಯ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ಒಳಗಿನಿಂದ ಗಾಳಿ ಬೆರಳನ್ನು ಯಾವಾಗ ದೂಡುತ್ತದೋ ಆಗ ಹೇಳಬೇಕು, ಕಿಡಿ ಬರಬೇಕಾದದ್ದು ಆ ಹೊತ್ತಿಗೆ.

"ಪಲ್ಸ್ ನೋಡುವುದಲ್ವಾ? ಅಷ್ಟು ನನಗೆ ಬಿಡು" ಎಂದು ಬಾಯಿ ನೈಟಿಯ ಮೇಲೆ ಟವೆಲ್ ಕಟ್ಟಿಕೊಂಡು ಬಂದರು. ಹೆಬ್ಬೆರಳು ಇಟ್ಟು ಕಣ್ಣು ಮುಚ್ಚಿದರು. ನಾನು ತಿರುಗಿಸಿದೆ. "ಇಲ್ಲ. ಇಲ್ಲ. ಸ್ವಲ್ಪ... ಬಂತು. ಬಂತು, ನಿಲ್ಲಿಸು." ನಿಲ್ಲಿಸಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಿದೆ. ಒಂದನೆಯ ತಂತಿಯ ಕಡೆ ನೋಡಬೇಕಾದ ಮುಳ್ಳು ಅದಕ್ಕೆ ಬೆನ್ನು ಹಾಕಿ ನಿಂತಿತ್ತು. ಸ್ವಲ್ಪ ಆಚೀಚೆ ಅಲ್ಲ, ಪೂರ್ತಿ ಅರ್ಧ ಸುತ್ತು. ಇನ್ನೊಮ್ಮೆ ತಿರುಗಿಸಿ ನೋಡಿದೆವು. ಬಾಯಿ ಮತ್ತೆ "ಬಂತು" ಎಂದರು, ಮುಳ್ಳು ಮತ್ತೆ ಬೆನ್ನು ಹಾಕಿತು.

ನನ್ನ ಗುರುತು ಇಷ್ಟು ತಪ್ಪಲು ಸಾಧ್ಯವೇ ಇರಲಿಲ್ಲ. ಬೊಟ್ಟನ್ನು ಬೆರಳಿನಿಂದ ಒರೆಸಿದೆ. ಒಣ ಹುಡಿ ಉದುರಿತು. ಆಯಿಲಿನ ಜಿಡ್ಡೇ ಇಲ್ಲ. ಮೂಸಿದರೆ ಗಂಧದ ಪರಿಮಳ.

"ಅಮ್ಮ!"

ಅಮ್ಮ ದೋಸೆಯ ಸಟ್ಟುಗ ಹಿಡಿದೇ ಬಂದರು. ಅವರಿಗೆ ಮುಚ್ಚಿಡುವ ವಿಷಯವೇನೂ ಇರಲಿಲ್ಲ. "ನೀನು ಬೊಟ್ಟು ಪಡುವಿಗೆ ಇಟ್ಟಿದ್ದೆ ಮಗಾ. ಅದೂ ಗಲೀಜು ಎಣ್ಣೆಯಲ್ಲಿ. ಪಡುವಿಗೆ ಯಾರಾದ್ರೂ ಇಡ್ತಾರಾ? ನಾನು ಒರೆಸಿ ಮೂಡಿಗೆ ಇಟ್ಟೆ." ಸೂರ್ಯ ಹುಟ್ಟುವ ಕಡೆಗೆ, ಶಾಸ್ತ್ರಕ್ಕೆ ಸರಿಯಾಗಿ, ತೂತಿನ ಆಚೆ ಬದಿಗೆ. ಪೂರ್ತಿ ಅರ್ಧ ಸುತ್ತು.

ಬೈದೆ. ಎಂಬತ್ತು ದಾಟಿದ ತಾಯಿಯನ್ನು ಬೈಯಬಾರದು, ಆದರೂ ಬೈದೆ. ನಿನ್ನೆಯಿಂದ ಹುಚ್ಚಿಯ ಹಾಗೆ ಒದ್ದಾಡಿದ್ದು, ಹುಲಿಗಳ ಕೈಯಲ್ಲಿ ದೂಡಿಸಿಕೊಂಡದ್ದು, ಎಲ್ಲ ಒಟ್ಟಿಗೆ ಬಂತು. ಅಮ್ಮ ಕೇಳುವಷ್ಟು ಕೇಳಿ, "ಗುರುತು ಮಾಡ್ಲಿಕ್ಕೆ ನಿನಗೆ ದೇವರ ಕುಂಕುಮವೇ ಸಿಕ್ಕಿದ್ದಾ?" ಎಂದರು. ಬಾಯಿ ಕೈ ಒರೆಸಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿ ನಗುತ್ತಿದ್ದರು. ದೋಸೆ ಕರಟಿದ ವಾಸನೆ ಬಂದು ಅಮ್ಮ ಒಳಗೆ ಓಡಿದರು.

ಗಂಟೆ ಒಂಬತ್ತು ದಾಟಿತ್ತು. ಬಿಗಿದದ್ದನ್ನು ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ಮೇಲಕ್ಕೆತ್ತಿ, ಅದರ ಮುಳ್ಳನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಇಳಿಸಿದೆ. ಪ್ಲಗ್‌ಗಳನ್ನು ಹಾಕಿದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ತಂತಿಗಳನ್ನು ಒಂದೊಂದಾಗಿ, ಹೆಸರು ಹೇಳಿಕೊಂಡ ಹಾಗೆ ಬಾಯಲ್ಲಿ ಹೇಳಿಕೊಂಡು ಚುಚ್ಚಿದೆ. ಆಗ ಗೇಟಿನ ಹೊರಗೆ ದೊಡ್ಡ ಗಾಡಿ ಬಂದು ನಿಂತ ಸದ್ದು. ಗುಜರಿಯವನು. ಹತ್ತಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ತಮ್ಮ ಜಗಲಿಯಿಂದ ಇಳಿದು ಬಂದ. ಅವನು ಬಾಯಿ ತೆರೆಯುವ ಮೊದಲೇ ನಾನು ಸೀಟಿನಲ್ಲಿ ಕೂತು ಕೀ ತಿರುಗಿಸಿದೆ.

ಎರಡನೆಯ ಸುತ್ತಿಗೇ ಹತ್ತಿಕೊಂಡಿತು. ಗರಗರ ಇಲ್ಲ, ಕೆಮ್ಮು ಇಲ್ಲ. ಅಪ್ಪನ ಕಾಲದಲ್ಲೂ ಅದು ಹಾಗೆ ಸ್ಟಾರ್ಟ್ ಆದದ್ದು ನನಗೆ ನೆನಪಿಲ್ಲ. ಬಾಯಿ ಕೊಂಕಣಿಯಲ್ಲಿ ದೇವರನ್ನು ಕರೆದರು. ನಾನು ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತೆ. ಒಂದು ನಿಮಿಷ, ಅಷ್ಟೇ.

ತಮ್ಮ ಕಿಟಕಿಯ ಹತ್ತಿರ ಬಂದು ನಿಂತ. ನಗುತ್ತಿದ್ದ, ಪ್ರೀತಿಯ ನಗುವೇ. "ಭಲೇ ಅಕ್ಕ! ಮಾಡಿಯೇಬಿಟ್ಟೆ. ನಿನ್ನ ಹಠ ತೀರಿತಲ್ಲ? ಈಗ ಕೊಟ್ಟುಬಿಡುವ. ಗಾಡಿಯವರು ಸುಮ್ಮನೆ ಬಂದ ಹಾಗೆ ಆಗುವುದು ಬೇಡ."

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ಸ್ಟಾರ್ಟ್ ಆದರೆ ಎಂಬ ಮಾತು ಅವನಿಗೆ ಮಾತೇ ಆಗಿರಲಿಲ್ಲ. ಮಗು ಮರ ಹತ್ತುತ್ತೇನೆ ಎಂದರೆ ಹತ್ತು ಹತ್ತು ಎನ್ನುತ್ತೇವಲ್ಲ, ಹಾಗೆ ಹೇಳಿದ್ದು.

"ಕೊಡುವುದಿಲ್ಲ" ಎಂದೆ.

"ಅಕ್ಕ, ನಿನಗೆ ಹೇಳಿದ್ರೆ ಗೊತ್ತಾಗುವುದಿಲ್ಲ. ನಾಳೆ ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ದಾರಿ ಮಧ್ಯೆ ಇದು ನಿಂತ್ರೆ? ನಾನು ಅಲ್ಲಿ ಮಸ್ಕತ್‌ನಲ್ಲಿ ಕೂತು ಎಂತ ಮಾಡ್ಲಿ?"

"ನೀನು ಎಂತ ಮಾಡುವುದೂ ಬೇಡ. ನಿಂತ್ರೆ ನಾನು ಇಳಿದು ಬಾನೆಟ್ ತೆಗಿತೇನೆ."

ನಾನು ಎಂಜಿನ್ ಹಾಗೇ ಓಡುತ್ತಿರಲು ಬಿಟ್ಟು ಒಳಗೆ ಹೋದೆ. ಕಾರನ್ನು ನನ್ನ ಹೆಸರಿಗೆ ಬದಲಿಸುವ ಫಾರಂ ಎರಡು ವರ್ಷದಿಂದ ನನ್ನ ಕಪಾಟಿನಲ್ಲಿ ಸೀರೆಯ ಕೆಳಗಿತ್ತು. ತುಂಬಿಸಿ ಇಟ್ಟಿದ್ದೆ, ಕೊಡುವ ಧೈರ್ಯ ಬಂದಿರಲಿಲ್ಲ. ತಂದು ಬಾನೆಟ್ಟಿನ ಮೇಲೆ ಹರಡಿ ಪೆನ್ನು ಮುಂದೆ ಹಿಡಿದೆ. ಗುಜರಿಯವನು, ಬಾಯಿ, ಜಗಲಿಯಲ್ಲಿ ಅಮ್ಮ, ಎಲ್ಲರೂ ನೋಡುತ್ತಿದ್ದರು. "ಅವಳ ಕೈಯಲ್ಲೇ ಇರ್ಲಿ ಬಿಡು" ಎಂದರು ಅಮ್ಮ. ಅಮ್ಮ ಅವನ ಮಾತಿಗೆ ಎದುರಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ತಮ್ಮ ಪೆನ್ನು ತೆಗೆದುಕೊಂಡ. "ಎಂಜಿನ್ ಆಫ್ ಮಾಡು, ಕಾಗದ ಅಲ್ಲಾಡ್ತಾ ಉಂಟು" ಎಂದ.

"ಹಾಗೇ ಹಾಕು" ಎಂದೆ.

ಹಾಕಿದ. ನಡುಗುವ ಬಾನೆಟ್ಟಿನ ಮೇಲೆ ಅವನ ಸಹಿ ಅಂಕುಡೊಂಕಾಗಿ ಬಿತ್ತು. ಅಷ್ಟಕ್ಕೂ ಎಂಜಿನ್ ಯಾಕೆ ಆಫ್ ಮಾಡಲಿಲ್ಲ ಎಂದರೆ, ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.